ಸೀಳದ ಗುಂಡಿಗೆ

ಕಸಾಯಿಖಾನೆಯಲ್ಲಿ ಅವಳಿಗೆ ಚೂರಿಯಕ್ಕ ಅಂತಲೇ ಹೆಸರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಕೈಯಲ್ಲಿ ಚೂರಿ ಹಿಡಿದವಳ ವಯಸ್ಸು ಕೇಳುವ ಉಸಾಬರಿ ಯಾರಿಗೆ ಬೇಕು. ಬೆಳಗ್ಗೆ ಆರಕ್ಕೆ ಶುರುವಿಟ್ಟರೆ ಹತ್ತರೊಳಗೆ ಇಪ್ಪತ್ತೆಂಟು ಕುರಿ ಕೊಯ್ದು, ಸುಲಿದು, ಕೊಕ್ಕೆಗೆ ನೇತುಹಾಕುತ್ತಿದ್ದಳು. ಕಾಲ ಕೆಳಗೆ ಸಿಮೆಂಟಿನ ಮೋರಿಯಲ್ಲಿ ರಕ್ತ ಹರಿಯುತ್ತಿತ್ತು, ತಲೆಯ ಮೇಲೆ ತಗಡಿನ ಚಾವಣಿಗೆ ಕುರಿಗಳ ಕೂಗು ಬಡಿದು ವಾಪಸ್ ಬರುತ್ತಿತ್ತು. ಅವಳ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ.

ಟಗರು ಕೆಡವುವುದರಲ್ಲಿ ಅವಳನ್ನು ಮೀರಿಸಿದ ಗಂಡಸು ಅಲ್ಲಿರಲಿಲ್ಲ. ಎಡಗೈ ಗದ್ದದ ಕೆಳಗೆ, ಬಲಗೈ ತೊಡೆಸಂದಿಗೆ. ಕತ್ತನ್ನು ಹೆಗಲ ಕಡೆಗೆ ತಿರುಚಿ, ಪಕ್ಕೆಗೆ ಮಂಡಿ ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದರೆ ಎಂಥ ಟಗರೂ ಧೊಪ್ಪನೆ ಕುಂಡೆಯ ಮೇಲೆ ಕೂರುತ್ತಿತ್ತು. ನಾಲ್ಕು ಕಾಲೂ ನೆಲ ಬಿಟ್ಟ ಮೇಲೆ ಅದು ಕೊಸರಾಡುವುದಿಲ್ಲ. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಕಸಾಯಿಖಾನೆಯ ಕೆಲಸದವರು ನಾವೆಲ್ಲ ಕೂಲಿ ಹೆಚ್ಚಿಸಿ ಅಂತ ಗೇಟಿಗೆ ಅಡ್ಡ ಕೂತ ವರ್ಷ ಠಾಣೆಯಲ್ಲಿ ಇಕ್ಕಳ ಹಾಕಿ ಕಿತ್ತದ್ದು ಅದು. ಮುಷ್ಕರಕ್ಕೆ ಕರೆ ಕೊಟ್ಟವರ ಹೆಸರು ಹೇಳು ಅಂದರಂತೆ. ಇವಳು ಇನ್‌ಸ್ಪೆಕ್ಟರನ ಹೆಸರನ್ನೇ ಹೇಳಿದಳಂತೆ. ಎರಡು ಹಲ್ಲೂ ಅವತ್ತೇ ಹೋದವು. ಮನೆಯಲ್ಲೂ ಬೇರೆ ಕತೆ ಇರಲಿಲ್ಲ. ಗಂಡ ಕುಡಿದಾಗಲೂ ಹೊಡೆಯುತ್ತಿದ್ದ, ಕುಡಿಯದಿದ್ದಾಗಲೂ ಹೊಡೆಯುತ್ತಿದ್ದ. ಕುಡಿದಾಗ ಏಟು ಗುರಿ ತಪ್ಪುತ್ತಿತ್ತು, ಅಷ್ಟೇ ವ್ಯತ್ಯಾಸ. ಅವಳು ಏಳು ತಿಂಗಳ ಬಸುರಿಯಾಗಿದ್ದಾಗ ಹೊಟ್ಟೆಗೆ ಒದೆಯಲು ಕಾಲೆತ್ತಿದ. ಮಚ್ಚು ಕೈಗೆ ಸಿಕ್ಕಿತು. ಅದನ್ನು ತಿರುಗಿಸಿ, ಮೊಂಡು ಕಡೆಯಿಂದ ಮೊಣಕಾಲಿಗೆ ಒಂದು ಕೊಟ್ಟಳು. ಮೂಳೆ ಮುರಿದ ಸದ್ದು ಪಕ್ಕದ ಮನೆಗೂ ಕೇಳಿಸಿತು. ಅಲಗಿನ ಕಡೆಯಿಂದ ಹೊಡೆಯದೆ ಇದ್ದದ್ದು ಅವಳ ದೊಡ್ಡಮನಸ್ಸು. ಗಂಡ ಕುಂಟಿಕೊಂಡು ಊರು ಬಿಟ್ಟ. ಆದರೆ ಅವನ ಅಣ್ಣ ಅಲ್ಲೇ ಉಳಿದ, ಅದೇ ಕಸಾಯಿಖಾನೆಯ ಮೇಸ್ತ್ರಿಯಾಗಿ. ಒಂಬತ್ತು ವರ್ಷ ಅವಳ ಕೆಲಸದ ಕಾರ್ಡು ಕಿತ್ತುಕೊಳ್ಳಲು ನೆಪ ಹುಡುಕುತ್ತಲೇ ಓಡಾಡಿದ.

ಹೊಟ್ಟೆಯಲ್ಲಿದ್ದ ಮಗಳಿಗೆ ಈಗ ಒಂಬತ್ತು. ಹುಡುಗಿಯ ಬಾಯಲ್ಲಿ ಮಾತೆತ್ತಿದರೆ ‘ಯಾಕೆ’. ಶಾಲೆಯ ಕೆಳಮಹಡಿಯ ತರಗತಿಯಲ್ಲಿ ಐವತ್ತೆರಡು ಮಕ್ಕಳಿದ್ದರು, ಒಬ್ಬ ಮೇಷ್ಟ್ರಿದ್ದರು, ಅವರ ಕೈಯಲ್ಲಿ ಕಬ್ಬಿಣದ ಅಂಚಿನ ಸ್ಕೇಲಿತ್ತು. ಒಂದು ‘ಯಾಕೆ’ಗೆ ಬೆರಳಗಂಟಿನ ಮೇಲೆ ಒಂದು ಏಟು. ಆ ವರ್ಷವೆಲ್ಲ ಹುಡುಗಿ ಬಾತ ಬೆರಳಲ್ಲೇ ಉಂಡಿದ್ದಳು. ಆಮೇಲೆ ಯಾರೋ ಬಂದು ಶಾಲೆಗೆಲ್ಲ ಒಂದು ಪರೀಕ್ಷೆ ಕೊಟ್ಟರು. ಪಾಠ ಬೇಗ ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುವ ಹದಿನಾರು ಮಕ್ಕಳನ್ನು ಆರಿಸಿ ಮಹಡಿಯ ಮೇಲಿನ ಕೋಣೆಗೆ ಕಳಿಸಿದರು. ಅದಕ್ಕೆ ಜಾಣರ ಕೋಣೆ ಅಂತ ಹೆಸರು ಬಿತ್ತು. ಅಲ್ಲಿನ ಮಿಸ್ಸಿನ ಕೈಯಲ್ಲಿ ಸ್ಕೇಲಿರಲಿಲ್ಲ, ಮಕ್ಕಳು ‘ಯಾಕೆ’ ಅಂತ ಕೇಳಿದರೆ ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಆದರೆ ಅಲ್ಲಿ ಉಳಿಯುವುದು ಪುಕ್ಕಟೆಯಲ್ಲ. ಪ್ರತಿ ಮಗುವೂ ಟರ್ಮಿಗೆ ಒಂದು ಪ್ರಾಜೆಕ್ಟ್ ಮಾಡಬೇಕು, ಅದಕ್ಕೆ ಸಂಬಂಧಪಟ್ಟ ಒಬ್ಬ ಅತಿಥಿಯನ್ನು ಕರೆತರಬೇಕು. ಅತಿಥಿ ಶುಕ್ರವಾರ ಹನ್ನೊಂದಕ್ಕೆ ಬಂದು ಹನ್ನೆರಡರ ಗಂಟೆ ಹೊಡೆಯುವ ತನಕ ಮಕ್ಕಳ ಪ್ರಶ್ನೆಗೆಲ್ಲ ಉತ್ತರ ಕೊಡಬೇಕು. ನಡುವೆ ಎದ್ದುಹೋದರೆ ಬಂದ ಲೆಕ್ಕವಿಲ್ಲ. ವಿಮಾನ ಓಡಿಸುವವನೊಬ್ಬ ಫೋನು ಬಂತೆಂದು ಮುಕ್ಕಾಲು ಗಂಟೆಗೇ ಎದ್ದ. ಅವನ ಮಗ ಅಳುತ್ತಾ ಮೆಟ್ಟಿಲಿಳಿದು ಕೆಳಗಿನ ತರಗತಿಗೆ ಹೋದ. ಎದೆ ಕೊಯ್ಯುವ ಡಾಕ್ಟರೊಬ್ಬರು ಪ್ಲಾಸ್ಟಿಕ್ಕಿನ ಹೃದಯ ತಂದು ತೋರಿಸಿದರು. ಚೂರಿಯಕ್ಕನ ಮಗಳು ಎದ್ದು, ಹೊರಗೆ ಹೋದ ರಕ್ತ ವಾಪಸ್ ಯಾಕೆ ಬೀಳಲ್ಲ, ಇದರಲ್ಲಿ ನೀರು ಹಾಕಿ ತೋರಿಸಿ ಅಂದಳು. ಡಾಕ್ಟರು ನಕ್ಕು, ಇದು ಬರೀ ಪ್ಲಾಸ್ಟಿಕ್ ಪುಟ್ಟಾ ಅಂದರು. ಹುಡುಗಿಯ ಪ್ರಾಜೆಕ್ಟ್ ಅಲ್ಲೇ ಹುಟ್ಟಿತು. ಅತಿಥಿ ಯಾರು ಅಂತ ಮಿಸ್ ಕೇಳಿದಾಗ, ನಮ್ಮಮ್ಮ, ದಿನಕ್ಕೆ ಇಪ್ಪತ್ತೆಂಟು ಗುಂಡಿಗೆ ಕೀಳ್ತಾಳೆ ಅಂದಳು. ಅಲ್ಲಿ ಕೂತಿದ್ದ ಮಕ್ಕಳಿಗೆ ಇಂಥ ಅತಿಥಿ ಸಿಗುವುದಾದರೆ ವಿಮಾನದವನು ಯಾಕೆ ಬೇಕು.

ಚೂರಿಯಕ್ಕ ಸಂಜೆ ಎರಡು ಗುಂಡಿಗೆ ತಂದಳು. ಹುಡುಗಿ ರಕ್ತ ಹೊರಗೆ ಹೋಗುವ ದೊಡ್ಡ ಕೊಳವೆ ಹುಡುಕಿದಳು, ಅದು ಬುಡದಲ್ಲೇ ಕತ್ತರಿಸಿಹೋಗಿತ್ತು. ನೀರು ಹಾಕಿದಳು, ಪಕ್ಕದ ಸೀಳಿನಿಂದ ಎಲ್ಲ ಸೋರಿಹೋಯಿತು. ಕಸಾಯಿಖಾನೆಯಿಂದ ಸೀಳದ ಗುಂಡಿಗೆ ಹೊರಗೆ ಬರುವುದೇ ಇಲ್ಲ. ತಪಾಸಣೆಯ ಪಶುವೈದ್ಯರು ಒಂದೊಂದನ್ನೂ ಮೇಲಿಂದ ಕೆಳಗೆ ಸೀಳಿ, ಒಳಗೆ ಹುಳು, ಕೀವು ಇಲ್ಲವೆಂದು ನೋಡಿದ ಮೇಲೆಯೇ ಆ ಕುರಿಯ ಮೈಗೆ ಸೀಲು ಬೀಳುವುದು. ಪ್ರತಿ ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶ ಒಂದೇ ತಟ್ಟೆಯಲ್ಲಿ, ಕುರಿಯದೇ ನಂಬರಿನ ಕೆಳಗೆ ಇರಬೇಕು. ತಟ್ಟೆಯಲ್ಲಿ ಒಂದು ಕಡಿಮೆಯಾದರೂ ಇಡೀ ಕುರಿ ಸೀಲಿಲ್ಲದೆ ಹೂಳುವ ಹಳ್ಳಕ್ಕೆ. ಅವಳು ವೈದ್ಯರನ್ನು ಕೇಳಿ ನೋಡಿದಳು. ಅವರು ಕೆಟ್ಟವರಲ್ಲ, ನಿಯಮದವರು. ಆಗಲ್ಲ ಅಂದರು.

"ಹಾಗಾದ್ರೆ ನಾನು ಕೆಳಗಿನ ಕ್ಲಾಸಿಗೆ ಹೋಗ್ತೀನಿ ಬಿಡು," ಅಂದಳು ಹುಡುಗಿ. ಅಳಲಿಲ್ಲ. ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

ಶುಕ್ರವಾರ ಒಂಬತ್ತೂವರೆಗೆ ಚೂರಿಯಕ್ಕ ಇಪ್ಪತ್ತೈದನೇ ನಂಬರಿನ ಟಗರಿನ ಎದೆಯೊಳಗೆ ಕೈ ಹಾಕಿ, ಗೇಣುದ್ದ ಕೊಳವೆಯ ಸಮೇತ ಗುಂಡಿಗೆ ಕಿತ್ತು ಏಪ್ರನ್ನಿನೊಳಗೆ ಸೇರಿಸಿಕೊಂಡಳು. ತಟ್ಟೆ ಖಾಲಿ ಬಿಡುವಂತಿಲ್ಲ. ನಿನ್ನೆಯದೊಂದು ಗುಂಡಿಗೆ ಉಳಿಸಿಕೊಂಡಿದ್ದಳು. ಅದರ ಸೀಳನ್ನು ಕೆಳಮುಖ ಮಾಡಿ, ಮೇಲೆ ಒಂದು ಹಿಡಿ ಬಿಸಿ ರಕ್ತ ಸವರಿ ಇಟ್ಟಳು. ಕಣ್ಣಿಗೆ ಯಾವ ಕುಂದೂ ಕಾಣುತ್ತಿರಲಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವಳು ಕೈಗೆ ಏನು ತಿಳಿಯುತ್ತದೆ ಅನ್ನುವುದನ್ನೇ ಮರೆತಳು.

ಮೇಸ್ತ್ರಿ ತಟ್ಟೆ ಜೋಡಿಸುತ್ತಾ ಬಂದ. ಇಪ್ಪತ್ತೈದರಲ್ಲಿ ಅವನ ಬೆರಳು ನಿಂತಿತು. ಬಿಸಿಬಿಸಿ ಶ್ವಾಸಕೋಶದ ಪಕ್ಕದಲ್ಲಿ ತಣ್ಣನೆಯ ಗುಂಡಿಗೆ.

ಅವನು ಕೈಯಲ್ಲಿದ್ದ ಕೊಕ್ಕೆಯ ಹಿಡಿಯಿಂದ ಅವಳ ಹುಬ್ಬಿಗೆ ಬೀಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಎರಡನೇ ಏಟು ಹೆಗಲಿಗೆ. ಮೂರನೆಯದಕ್ಕೆ ಕೈ ಎತ್ತಿದಾಗ ಅವಳು ನೀರಿನ ಬಕೆಟ್ಟನ್ನು ಅವನ ಮುಖಕ್ಕೆ ಅಪ್ಪಳಿಸಿದಳು. ಅವನ ಮೂಗು ಚಪ್ಪಟೆಯಾಯಿತು. ಸುತ್ತಲಿನವರು ಚೂರಿ ಕೆಳಗಿಟ್ಟು ನೋಡುತ್ತಾ ನಿಂತರು, ಬಿಡಿಸಲು ಯಾರೂ ಬರಲಿಲ್ಲ. ಬಿಡಿಸಲು ಹೋದವನಿಗೇ ಮೊದಲು ಬೀಳುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು.

"ಭಾವ, ಮಗಳ ಶಾಲೆಗೆ ಬೇಕು, ಹನ್ನೆರಡೂವರೆಗೆ ಅದನ್ನ ನಾನೇ ತಂದು ನಿಮ್ಮ ಕೈಗೆ ಕೊಡ್ತೀನಿ. ಆಮೇಲೆ ಕಾರ್ಡು ಬೇಕಾದ್ರೆ ಹರ್ಕೊಳ್ಳಿ," ಅಂದಳು.

"ಹನ್ನೆರಡಕ್ಕೆ ಡಾಕ್ಟರು ಹೊರಟುಹೋಗ್ತಾರೆ. ಟಗರಿನ ಯಜಮಾನನಿಗೆ ನಿನ್ನಪ್ಪ ಉತ್ತರ ಹೇಳ್ತಾನಾ?" ಅಂತ ಅವನು ರಕ್ತ ಉಗಿದ. ಅಷ್ಟರಲ್ಲಿ ಅವಳು ಗೋಡೆ ಹಾರಿದ್ದಳು.

ಶಾಲೆಯ ಗೇಟಿನಲ್ಲಿ ಕಾವಲಿನವನು ಅವಳ ಮುಖ ನೋಡಿ, ಆಸ್ಪತ್ರೆ ಆ ಕಡೆ ಅಂದ. ನಾನು ಅತಿಥಿ ಅಂದಳು. ಅವನಿಗೆ ನಗು ತಡೆಯಲಾಗಲಿಲ್ಲ. ಮಿಸ್ ತಾವೇ ಇಳಿದು ಬಂದು ಕರೆದುಕೊಂಡು ಹೋದರು, ಹುಬ್ಬಿಗೆ ಕರವಸ್ತ್ರ ಕಟ್ಟಿದರು.

ಕೋಣೆಯಲ್ಲಿ ಹದಿನೈದು ಮಕ್ಕಳು, ಗೋಡೆಯ ಮೇಲೆ ಗ್ರಹಗಳ ಚಿತ್ರ, ಮೇಜಿನ ಮೇಲೆ ಉಗಿಬಂಡಿಯ ಮಾದರಿ. ಅವಳು ಎರಡು ಚೂರಿ, ಗುಂಡಿಗೆಯಿದ್ದ ಒಂದು ಸ್ಟೀಲ್ ತಟ್ಟೆ ಇಟ್ಟಳು. ಪ್ರಶ್ನೆಗಳು ಕಲ್ಲು ತೂರಿದಂತೆ ಬಂದವು. ಕುರಿಗೆ ನೋಯುತ್ತಾ? ನೋಯುತ್ತೆ, ಚೂರಿ ಮೊಂಡಾಗಿದ್ರೆ ಜಾಸ್ತಿ ಹೊತ್ತು ನೋಯುತ್ತೆ, ಅದಕ್ಕೇ ಮಸೆಯೋದು. ಕತ್ತು ಕೊಯ್ದ ಮೇಲೂ ಕಾಲು ಯಾಕೆ ಒದೆಯುತ್ತೆ? ಗೊತ್ತಿಲ್ಲ, ನಿಮ್ಮ ಡಾಕ್ಟರನ್ನ ಕೇಳಿ. ನಿಮಗೆ ಪಾಪ ಅನ್ಸಲ್ವಾ? ಮೊದಲ ವರ್ಷ ಅನ್ಸಿತ್ತು, ಆಮೇಲೆ ಹೊಟ್ಟೆ ಹಸಿದಾಗ ಹೋಯ್ತು. ನ್ಯಾಯಾಧೀಶರ ಮಗಳೊಬ್ಬಳು ಎದ್ದು, "ಆಂಟಿ, ನಿಮಗೆ ಹೊಡೆದವರು ಯಾರು?" ಅಂದಳು.

"ನನ್ನ ಭಾವ."

"ಯಾಕೆ?"

"ಇದನ್ನ ಕದ್ದಿದ್ದಕ್ಕೆ," ಅಂತ ತಟ್ಟೆ ತೋರಿಸಿದಳು. ಮಿಸ್ ಕೆಮ್ಮಿದರು.

ಹನ್ನೆರಡಕ್ಕೆ ಹನ್ನೊಂದು ನಿಮಿಷವಿತ್ತು. ಮಗಳು ನೀರಿನ ಚೊಂಬು ಎತ್ತಿದಳು. ಬಾಗಿಲು ಗೋಡೆಗೆ ಬಡಿಯಿತು. ಮೂಗಿಗೆ ಬಟ್ಟೆ ಸುತ್ತಿಕೊಂಡ ಮೇಸ್ತ್ರಿ, ಕೈಯಲ್ಲಿ ಅದೇ ಕೊಕ್ಕೆ. ಹಿಂದೆ ಕಾವಲಿನವನು ತನ್ನ ತುಟಿ ಒರೆಸಿಕೊಳ್ಳುತ್ತಿದ್ದ.

ಮೇಸ್ತ್ರಿ ನೇರ ತಟ್ಟೆಗೆ ಕೈ ಹಾಕಿದ. ಹುಡುಗಿ ಗುಂಡಿಗೆಯ ಮೇಲೆ ಬೋರಲು ಬಿದ್ದಳು. ಅವನು ಅವಳ ಜಡೆ ಹಿಡಿದು ತಲೆಯನ್ನು ಮೇಜಿಗೆ ಕುಟ್ಟಿದ. ಒಮ್ಮೆ. ಮತ್ತೊಮ್ಮೆ. ಹುಡುಗಿ ಗುಂಡಿಗೆ ಬಿಡಲಿಲ್ಲ, ಮೂಗಿನಿಂದ ರಕ್ತ ಇಳಿದು ತಟ್ಟೆಗೆ ಬಿತ್ತು.

ಚೂರಿಗಳು ಚೂರಿಯಕ್ಕನ ಕೈಗೆ ಒಂದು ಗೇಣು ದೂರದಲ್ಲಿದ್ದವು. ಆ ಕೋಣೆಯ ಪ್ರತಿ ಮಗುವೂ ಅವನ್ನೇ ನೋಡುತ್ತಿತ್ತು. ಅವಳೂ ನೋಡಿದಳು. ಮುಟ್ಟಿದರೆ ಗಂಟೆ ಹೊಡೆಯುವ ಮೊದಲೇ ಅವಳನ್ನು ಎಳೆದುಕೊಂಡು ಹೋಗುತ್ತಾರೆ, ಮಗಳು ಸ್ಕೇಲಿನ ಕೈಗೆ ಹೋಗುತ್ತಾಳೆ. ಮೊಣಕೈಯಿಂದ ಎರಡೂ ಚೂರಿಯನ್ನು ಆಚೆ ತಳ್ಳಿದಳು. "ಮಿಸ್, ಅವನ್ನ ಬೀರುವಿಗೆ ಹಾಕಿ ಬೀಗ ಹಾಕಿ."

ಆಮೇಲೆ ಎಡಗೈ ಭಾವನ ಗದ್ದದ ಕೆಳಗೆ, ಬಲಗೈ ತೊಡೆಸಂದಿಗೆ. ಕತ್ತು ಹೆಗಲಿಗೆ ತಿರುಚಿ, ಪಕ್ಕೆಗೆ ಮಂಡಿ ಕೊಟ್ಟು, ಒಂದು ಹೆಜ್ಜೆ ಹಿಂದೆ. ಅವನು ಧೊಪ್ಪನೆ ಕುಂಡೆಯ ಮೇಲೆ ಕೂತ. ಬೆನ್ನಮೂಳೆಯ ತುದಿ ನೆಲಕ್ಕೆ ತಾಗಿ ಲಟಕ್ಕೆಂದಿತು. ಕೊಕ್ಕೆ ಹಾರಿ ಉಗಿಬಂಡಿಗೆ ಬಡಿಯಿತು. ಅವನು ಕುರಿಯಂತೆ ಸುಮ್ಮನಾಗಲಿಲ್ಲ, ತೋಳು ಕಚ್ಚಿದ. ಅವಳು ಅವನನ್ನು ಮಗುಚಿ ಹಾಕಿ ಕತ್ತಿನ ಹಿಂದೆ ಮಂಡಿ ಊರಿ, ತೋಳನ್ನು ಬೆನ್ನಿಗೆ ತಿರುಚಿದಳು. ಭುಜದ ಕೀಲು ಕಳಚಿತು.

"ಅಲ್ಲಾಡಿದ್ರೆ ಇನ್ನೊಂದನ್ನೂ ಕಳಚ್ತೀನಿ. ಮುಚ್ಕೊಂಡು ಬಿದ್ದಿರು ನೀನು," ಅಂದಳು. ಒಂಬತ್ತು ವರ್ಷ ನೀವು ಅಂದ ಬಾಯಿ ಅದು. ಆಮೇಲೆ ತಲೆ ಎತ್ತಿ ಮಗಳಿಗೆ, "ನೀನು ನೀರು ಹಾಕು. ಇನ್ನೂ ಗಂಟೆ ಹೊಡೆದಿಲ್ಲ," ಅಂದಳು.

ಹುಡುಗಿ ಮೂಗನ್ನು ತೋಳಿಗೆ ಒರೆಸಿಕೊಂಡಳು. ಗುಂಡಿಗೆಯ ದೊಡ್ಡ ಕೊಳವೆಯನ್ನು ನೆಟ್ಟಗೆ ಹಿಡಿದು ಮೇಲಿಂದ ನೀರು ಹಾಕಿದಳು. ನೀರು ನಿಂತಿತು. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಕೊಳವೆಯೊಳಗೆ ಇಣುಕಿದರು. ತಳದಲ್ಲಿ ಉಗುರಗಲದ ಮೂರು ತೆಳು ಚೀಲಗಳು ಉಬ್ಬಿ, ಒಂದಕ್ಕೊಂದು ಅಂಟಿ, ದಾರಿ ಮುಚ್ಚಿದ್ದವು. ಹೋದ ರಕ್ತ ವಾಪಸ್ ಬೀಳದಿರಲು ಇದೇ ಕಾರಣ ಅಂತ ಹುಡುಗಿ ಹೇಳಿದಳು. 

ಉಳಿದ ನಿಮಿಷಗಳನ್ನು ಚೂರಿಯಕ್ಕ ಮಂಡಿಯ ಮೇಲೆ ಭಾರ ಬಿಟ್ಟುಕೊಂಡೇ ಕಳೆದಳು. ಪ್ರಶ್ನೆಗಳು ಬರುತ್ತಲೇ ಇದ್ದವು, ಈಗ ಮೇಸ್ತ್ರಿಯ ಬಗ್ಗೆಯೂ. ಇವರಿಗೆ ನೋಯುತ್ತಾ ಅಂತ ಒಂದು ಮಗು ಕೇಳಿತು. ಕುರಿಗಿಂತ ಜಾಸ್ತಿ ಅಂದಳು. ಗಂಟೆ ಹೊಡೆಯಿತು. ಅವಳು ಎದ್ದು ಗುಂಡಿಗೆಯ ನೀರು ಚೆಲ್ಲಿ, ಅವನ ನೆಟ್ಟಗಿದ್ದ ಕೈಗೆ ಕೊಟ್ಟಳು.

ಹೆಡ್ ಮೇಡಂ ಮರುದಿನವೇ ಹುಡುಗಿಯ ಚೀಲ ಕೆಳಗಿನ ತರಗತಿಗೆ ಕಳಿಸಿದರು. ಮಿಸ್ ಅದನ್ನು ಹೊತ್ತುಕೊಂಡು ಮೇಡಂ ಕೋಣೆಗೆ ಹೋಗಿ, ನಿಯಮದ ಹಾಳೆ ಮೇಜಿನ ಮೇಲಿಟ್ಟರು. ಅತಿಥಿ ಬಂದಿದ್ದಾರೆ, ಗಂಟೆ ಹೊಡೆಯುವ ತನಕ ಉತ್ತರ ಕೊಟ್ಟಿದ್ದಾರೆ, ಪ್ರಾಜೆಕ್ಟ್ ಮುಗಿದಿದೆ. ನಡುವೆ ಯಾರನ್ನೂ ನೆಲಕ್ಕೆ ಕೆಡವಬಾರದು ಅಂತ ಇದರಲ್ಲಿ ಎಲ್ಲಿ ಬರೆದಿದೆ ತೋರಿಸಿ ಅಂದರಂತೆ. ಮೇಡಂ ಹಾಳೆಯನ್ನು ಎರಡು ಸಲ ಓದಿದರು. ಚೀಲ ಮಹಡಿಗೆ ವಾಪಸಾಯಿತು. ಹಾಳೆಗೆ ಒಂದು ಹೊಸ ಸಾಲು ಸೇರಿತು: ಅತಿಥಿಗಳು ಆಯುಧ ತರುವಂತಿಲ್ಲ. ಚೂರಿಯಕ್ಕ ಗೇಟು ದಾಟುವಂತಿಲ್ಲ ಅಂತಲೂ ಕಾವಲಿನವನಿಗೆ ಹೇಳಿದರು. ಅವನು ಈಗ ಅವಳನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಗುಂಡಿಗೆ ಕಸಾಯಿಖಾನೆ ತಲುಪುವ ಮೊದಲೇ ವೈದ್ಯರು ಹೊರಟಿದ್ದರು. ಟಗರು ಹೂಳುವ ಹಳ್ಳಕ್ಕೆ ಹೋಯಿತು, ಚೂರಿಯಕ್ಕನ ಕಾರ್ಡು ಹರಿದುಹೋಯಿತು. ಮೇಸ್ತ್ರಿ ಮೂರು ತಿಂಗಳು ತೋಳು ಕಟ್ಟಿಕೊಂಡು, ದಿಂಬಿನ ಮೇಲೆ ಕೂತು ಲೆಕ್ಕ ಬರೆದ. ಅವಳೀಗ ಕಸಾಯಿಖಾನೆಯ ಗೋಡೆಯಾಚೆ ಕುರಿಯ ತಲೆ, ಕಾಲು ಸುಟ್ಟು ಕೂದಲು ಹೆರೆದುಕೊಡುತ್ತಾಳೆ. ಹೊಗೆಗೆ ಕಣ್ಣು ಕೆಂಪಾಗಿ, ಕೈತುಂಬ ಸುಟ್ಟ ಗಾಯ. ಹುಬ್ಬು ಎರಡು ತುಂಡಾಗಿಯೇ ಉಳಿದಿದೆ.

ಹೋದ ವಾರ ಮಗಳು ಒಂದು ಕಾಗದ ತಂದಳು. ಅತಿಥಿಯಿಂದ ಏನು ಕಲಿತಿರಿ ಅಂತ ಮಿಸ್ ಎಲ್ಲರಿಂದ ಬರೆಸಿದ್ದರಂತೆ; ನ್ಯಾಯಾಧೀಶರ ಮಗಳದ್ದನ್ನು ಇವಳು ನಕಲು ಮಾಡಿಕೊಂಡಿದ್ದಳು. ಚೂರಿಯಕ್ಕನಿಗೆ ಓದು ಬಾರದು, ಮಗಳೇ ಓದಿ ಹೇಳಿದಳು: "ಕುರಿಯನ್ನು ಕೂರಿಸಿದರೆ ಸಾಕು, ಸುಮ್ಮನಾಗುತ್ತದೆ. ಮನುಷ್ಯನಾದರೆ ಮಂಡಿ ಊರಬೇಕು, ಗಂಟೆ ಹೊಡೆಯುವ ತನಕ ತೆಗೆಯಬಾರದು."

"ಸರಿಯಾಗಿ ಬರೆದಿದ್ದಾಳೆ," ಅಂದಳು ಚೂರಿಯಕ್ಕ, ಬೆಂಕಿಯಲ್ಲಿದ್ದ ತಲೆಯನ್ನು ಮಗುಚಿ ಹಾಕುತ್ತಾ.