ಗೂಡ್ಸ್ ಶೆಡ್ ಟೀಮಿನ ಕ್ಯಾಪ್ಟನ್

ನಾನೀಗ ಇರುವ ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಹುಡುಗಿಗೆ ಹೋದ ತಿಂಗಳು ಹೆರಿಗೆಯಾಯಿತು. ಬಾಣಂತನಕ್ಕೆಂದು ಊರಿನಿಂದ ಬಂದಿರುವ ಅವಳ ತಾಯಿ ನಿನ್ನೆ ಬೆಳಿಗ್ಗೆ ಕೂಸಿನ ನೆತ್ತಿಗೆ ಹಾಕಲು ಹರಳೆಣ್ಣೆ ಬೆಚ್ಚಗೆ ಮಾಡುತ್ತಿದ್ದರು. ಎರಡೂ ಮನೆಯ ಬಾಗಿಲು ತೆರೆದಿತ್ತು. ಆ ಮಂದವಾದ, ತುಸು ಕಮಟು ವಾಸನೆ ನಡುಮನೆಯವರೆಗೂ ಬಂದು ನಿಂತಿತು. ಬೇರೆಯವರಿಗೆ ಆ ವಾಸನೆಯೆಂದರೆ ಬಾಣಂತಿ ಕೋಣೆ. ನನಗೆ ಫುಟ್‌ಬಾಲು. ನಮ್ಮ ಮನೆಯ ಜಗಲಿಯ ಮೇಲೆ ಚಿಕ್ಕಪ್ಪ ಕಾಲು ಚಾಚಿ ಕೂತು, ಅಜ್ಜಿ ಕಾಸಿದ ಹರಳೆಣ್ಣೆಯನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ, ಚರ್ಮದ ಚೆಂಡಿನ ಒಂದೊಂದು ಹೊಲಿಗೆಗೂ ತಿಕ್ಕುತ್ತಿದ್ದ ಸಂಜೆಗಳು. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಯಿತು. ನಾನು ಕುಡಿಯಲಿಲ್ಲ.

ಆ ಮನೆ ಈಗಿಲ್ಲ. ಯಶವಂತಪುರದ ರೈಲ್ವೆ ಗೇಟಿನಿಂದ ಕೂಗಳತೆಯಲ್ಲಿ, ತುಮಕೂರು ರಸ್ತೆಗೆ ಬೆನ್ನು ಮಾಡಿ ನಿಂತಿದ್ದ ನಾಡಹೆಂಚಿನ ಮನೆ ಅದು. ನಿಮ್ಮಲ್ಲಿ ಆ ಕಡೆಯ ಹಳಬರಿದ್ದರೆ ನಿಮಗೂ ಹೀಗೇ ಆಗಿರಬೇಕು: ಬಸ್ಸು ಮೇಲ್ಸೇತುವೆ ಹತ್ತುವಾಗ, ನಮ್ಮ ಅಡುಗೆಮನೆ ಇದ್ದದ್ದು ಈ ಕಂಬದ ಹತ್ತಿರವೋ ಮುಂದಿನ ಕಂಬದ ಹತ್ತಿರವೋ ಎಂದು ಯೋಚಿಸುವಷ್ಟರಲ್ಲಿ ಬಸ್ಸು ಆಚೆ ಇಳಿದಿರುತ್ತದೆ. ಆ ಮನೆಯಲ್ಲಿ ಅಜ್ಜಿ ಇದ್ದರು, ಅಪ್ಪ ಅಮ್ಮ ಇದ್ದರು, ಅಪ್ಪನ ತಮ್ಮ ನಂಜುಂಡ ಚಿಕ್ಕಪ್ಪ, ಅವರ ಹೆಂಡತಿ ಗೌರ ಚಿಕ್ಕಮ್ಮ ಇದ್ದರು. ಮಕ್ಕಳೆಂದರೆ ನಾನೊಬ್ಬಳೇ. ಅಪ್ಪ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಶೆಡ್ಡಿನ ಹಿಂದಿನ ಕೆಮ್ಮಣ್ಣಿನ ಮೈದಾನದಲ್ಲಿ ಆಡುವ ಹುಡುಗರನ್ನೆಲ್ಲ ಸೇರಿಸಿ ಅವರೇ ಒಂದು ಕ್ಲಬ್ಬು ಕಟ್ಟಿದ್ದರು. ಅದಕ್ಕೊಂದು ದೊಡ್ಡ ಹೆಸರೂ ಇತ್ತು, ಆದರೆ ಎಲ್ಲರ ಬಾಯಲ್ಲೂ ಅದು ಗೂಡ್ಸ್ ಶೆಡ್ ಟೀಮು. ಅದರ ಕ್ಯಾಪ್ಟನ್ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪನ ಆಟವೆಲ್ಲ ತಲೆಯಲ್ಲಿತ್ತು ಎನ್ನುತ್ತಿದ್ದರು, ಅದು ನಿಜವಾದ ಅರ್ಥದಲ್ಲೇ. ಎಷ್ಟು ಎತ್ತರದಲ್ಲಿ ಚೆಂಡು ಬಂದರೂ ನೆಲ ಬಿಟ್ಟು ಎದ್ದು ಹಣೆಯಿಂದ ಹೊಡೆಯುವರು. ಆಗಿನ ಚೆಂಡು ಈಗಿನದರಂತಲ್ಲ. ಮಳೆ ಬಿದ್ದ ದಿನ ಚರ್ಮ ನೀರು ಕುಡಿದು ಕಲ್ಲಿನ ತೂಕ ಬರುತ್ತಿತ್ತು. ಒಳಗೆ ರಬ್ಬರಿನ ಬ್ಲಾಡರ್ ತುರುಕಿ ಚೆಂಡಿನ ಬಾಯಿಗೆ ಬಿಗಿದ ಲೇಸಿನ ಗಂಟು ತಾಕಿದರೆ ಚರ್ಮ ಸುಲಿಯುತ್ತಿತ್ತು. ಮ್ಯಾಚು ಮುಗಿಸಿ ಬಂದ ಚಿಕ್ಕಪ್ಪನ ಹಣೆಯ ಮೇಲೆ ಆ ಲೇಸಿನ ಅಚ್ಚು ಕೆಂಪಗೆ ಮೂಡಿರುತ್ತಿತ್ತು. ಅಜ್ಜಿ ಅದಕ್ಕೆ ಅರಿಶಿನ ಹಚ್ಚುತ್ತಾ, "ತಲೆ ಏನು ಒನಕೆ ಅಂದ್ಕೊಂಡಿದೀಯೇನೋ ಮಗ?" ಎನ್ನುವರು. ಚಿಕ್ಕಪ್ಪ ನಕ್ಕು ತಲೆಯನ್ನು ಇನ್ನಷ್ಟು ಮುಂದಕ್ಕೆ ಬಾಗಿಸುವರು. ಗೆದ್ದ ಸಂಜೆ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೆಂಚಿನ ಕಾರ್ಖಾನೆಯವರು, ಸ್ಟೇಷನ್ನಿನ ಕೂಲಿಗಳು, ಗೊರಗುಂಟೆಪಾಳ್ಯದಿಂದ ಹಾಲು ತರುವವರು, ಸೈಕಲ್ ಅಂಗಡಿಯ ಜಬ್ಬಾರ್, ಎಲ್ಲರೂ ಅಲ್ಲೇ. ಜಬ್ಬಾರ್ ನಮ್ಮ ಟೀಮಿನ ಗೋಲ್‌ಕೀಪರ್, ಚಿಕ್ಕಪ್ಪನ ಪ್ರಾಣಸ್ನೇಹಿತ. ಅವರಿಬ್ಬರ ನಡುವೆ ತಟ್ಟೆಯ ಅವರೆಕಾಳು ಉಪ್ಪಿಟ್ಟಿಗಾಗಿ ಆಗುತ್ತಿದ್ದ ಜಗಳಕ್ಕೆ ಇಡೀ ಜಗಲಿ ನಗುತ್ತಿತ್ತು.

ನನಗೆ ಐದು ವರ್ಷವಿದ್ದಾಗ ಕಲ್ಕತ್ತೆಯ ದೊಡ್ಡ ಕ್ಲಬ್ಬೊಂದು ಚಿಕ್ಕಪ್ಪನನ್ನು ಕರೆಸಿಕೊಂಡಿತು. ಮದುವೆಯಾಗಿ ಆಗಷ್ಟೇ ವರ್ಷ ತುಂಬಿತ್ತು. ಚಿಕ್ಕಮ್ಮನನ್ನು ನಮ್ಮಲ್ಲೇ ಬಿಟ್ಟು ಹೋದರು. ಎರಡು ವರ್ಷಕ್ಕೊಮ್ಮೆ ಬಂದಾರು ಎಂದುಕೊಂಡದ್ದು ಆರು ವರ್ಷವಾಯಿತು. ಅಲ್ಲಿ ಒಂದು ಪಂದ್ಯಾವಳಿ ಮುಗಿದರೆ ಇನ್ನೊಂದು. ಕಾಗದಗಳು ಬರುತ್ತಿದ್ದವು. ಅಪ್ಪ ನಡುಮನೆಯಲ್ಲಿ ಗಟ್ಟಿಯಾಗಿ ಓದುವರು, ಚಿಕ್ಕಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುವರು. ಮೊದಮೊದಲು ನಾಲ್ಕು ಪುಟ, ಆಮೇಲೆ ಎರಡು, ಕೊನೆಕೊನೆಗೆ ಅರ್ಧ. ಒಂದು ದಿನ ಅಪ್ಪ ಓದುತ್ತಿದ್ದಾಗ ಚಿಕ್ಕಮ್ಮ ಬಾಗಿಲ ಹಿಂದಿನಿಂದಲೇ, "ಇದು ಹೋದ್ಸಲದ ಕಾಗದ ಅಲ್ವಾ ಭಾವ?" ಎಂದರು. ಅಪ್ಪ ತಿರುವಿ ಅಂಚೆಯ ಮುದ್ರೆ ನೋಡಿ, "ಇಲ್ಲಮ್ಮ, ಇವತ್ತು ಬಂದಿದ್ದು" ಎಂದರು. ಎರಡು ಕಾಗದದಲ್ಲೂ ಅಕ್ಷರ ಬಿಡದೆ ಒಂದೇ ಮಾತಿತ್ತು. ಅಪ್ಪ, ಕೆಲಸದ ಗಡಿಬಿಡಿ, ಬರೆದದ್ದನ್ನೇ ಬರೆದಿದ್ದಾನೆ ಎಂದು ನಕ್ಕರು. ಚಿಕ್ಕಮ್ಮ ನಗಲಿಲ್ಲ.

ಅಷ್ಟರಲ್ಲಿ ನಮ್ಮ ಟೀಮು ಸೊರಗಿತ್ತು. ಸುತ್ತ ಹೊಸ ಕಾರ್ಖಾನೆಗಳು ಎದ್ದಿದ್ದವು. ಅವು ಒಳ್ಳೆಯ ಆಟಗಾರರಿಗೆ ಕೆಲಸ ಕೊಟ್ಟು ತಮ್ಮ ಟೀಮಿಗೆ ಸೇರಿಸಿಕೊಳ್ಳುತ್ತಿದ್ದವು. ಉಳಿದವರು ಜಬ್ಬಾರ್, ಇನ್ನು ಕೆಲವು ಹಳಬರು, ಮೀಸೆ ಮೂಡದ ಹುಡುಗರು. ಮೈದಾನದ ಅರ್ಧಕ್ಕೆ ಆಗಲೇ ಮುಳ್ಳುತಂತಿ ಬಿದ್ದಿತ್ತು. ಅಪ್ಪ ಸೋತ ಮ್ಯಾಚಿನಿಂದ ಬಂದು ಊಟಕ್ಕೆ ಏಳದೆ ಮಲಗಿಬಿಡುತ್ತಿದ್ದರು. ಅಂಥ ದಿನಗಳಲ್ಲಿ, ನಂಜುಂಡ ವಾಪಸು ಬರುತ್ತಿದ್ದಾನೆ, ಇನ್ನು ಇಲ್ಲೇ ಇರುತ್ತಾನೆ ಎಂದು ಕಲ್ಕತ್ತೆಯ ಕ್ಲಬ್ಬಿನವರಿಂದ ತಂತಿ ಬಂತು. ಯಾಕೆ ಎಂದು ಯಾರೂ ಕೇಳಲಿಲ್ಲ. ಬರುವ ಭಾನುವಾರ ಹೊಸ ಕಾರ್ಖಾನೆಯೊಂದರ ಟೀಮಿನ ಜೊತೆ ಮ್ಯಾಚು ಎಂದು ಅಪ್ಪ ಅದೇ ಸಂಜೆ ಗೊತ್ತುಮಾಡಿ ಬಂದರು. ಕ್ಯಾಪ್ಟನ್ ಬಂದರೆ ಹೋದವರೂ ತಿರುಗಿ ಬರುತ್ತಾರೆ, ಮೈದಾನವೂ ಉಳಿಯುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಊರೂ ನಂಬಿತ್ತು.

ಮದ್ರಾಸಿನಿಂದ ಸಿಟಿ ಸ್ಟೇಷನ್ನಿಗೆ ಬಂದು, ಅಲ್ಲಿಂದ ಸಣ್ಣ ಗಾಡಿ ಹತ್ತಿ ಚಿಕ್ಕಪ್ಪ ಬುಧವಾರ ಮಧ್ಯಾಹ್ನ ಯಶವಂತಪುರದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸಂಪಿಗೆ ಹಾರ, ತಮಟೆ, ಹೆಂಚಿನ ಕಾರ್ಖಾನೆಯವರು ಕೆಲಸ ಬಿಟ್ಟು ಕೆಂಪು ಧೂಳಿನ ಮೈಯಲ್ಲೇ ಓಡಿಬಂದಿದ್ದರು. ಚಿಕ್ಕಪ್ಪ ತೆಳ್ಳಗಾಗಿದ್ದರು, ಆದರೆ ಅದೇ ನಗು. ಒಬ್ಬೊಬ್ಬರೂ ಬಂದು ತಬ್ಬಿಕೊಂಡರೆ, "ಏನ್ ಗುರು, ಚೆನ್ನಾಗಿದೀಯಾ ಗುರು" ಎನ್ನುತ್ತಿದ್ದರು. ಜಬ್ಬಾರ್‌ಗೂ ಗುರು, ಕೂಲಿಯವನಿಗೂ ಗುರು. ದೊಡ್ಡ ಊರಿನ ವಾಡಿಕೆ ಎಂದು ಎಲ್ಲರಿಗೂ ಖುಷಿ. ಚಿಕ್ಕಮ್ಮ ಮಾತ್ರ ನಾಚಿಕೆ ಬಿಟ್ಟು ಗಂಡನ ಬೆನ್ನಿಗೆ ಅಂಟಿಕೊಂಡು ನಿಂತು, ಯಾರಾದರೂ ಹತ್ತಿರ ಬಂದಾಗ ಸೆರಗಿನ ಮರೆಯಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ಆಗ ಚಿಕ್ಕಪ್ಪನ ಬಾಯಿಂದ ಆ ಮನುಷ್ಯನ ಹೆಸರು ಬರುತ್ತಿತ್ತು. ಮನೆಯ ಬಾಗಿಲಲ್ಲಿ ಅಜ್ಜಿ ಆರತಿ ಎತ್ತಿದರು. ಚಿಕ್ಕಪ್ಪ ಕಾಲಿಗೆ ಬಿದ್ದು ಎದ್ದು, ಕೈ ಮುಗಿದು, "ಚೆನ್ನಾಗಿದೀರಾ ಅಮ್ಮ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಅವರು ತಾಯಿಯನ್ನು ಕರೆದದ್ದು ಅವ್ವ ಎಂದು, ಮಾತಾಡಿಸಿದ್ದು ನೀನು ಎಂದು. ತಮಟೆಯ ಸದ್ದಿನಲ್ಲಿ ಅಜ್ಜಿಗೂ ಪಕ್ಕದಲ್ಲಿದ್ದ ನನಗೂ ಬಿಟ್ಟು ಬೇರೆ ಯಾರ ಕಿವಿಗೂ ಅದು ಬೀಳಲಿಲ್ಲ. ಅಜ್ಜಿ ಆರತಿಯ ನೀರನ್ನು ಬಾಗಿಲ ಮುಂದೆ ಚೆಲ್ಲಿದರು. ಅವರು ಮಗನ ಮುಖವನ್ನೇ ನೋಡುತ್ತಾ, "ಚೆನ್ನಾಗಿದೀನಪ್ಪ, ಒಳೀಕ್ ಬನ್ನಿ" ಎಂದರು.

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಿಕ್ಕಮ್ಮ ನನ್ನನ್ನು ಕರೆದರು. ಚಿಕ್ಕಪ್ಪನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತ್ತು, ಇಂಗ್ಲಿಷಿನಲ್ಲಿತ್ತು. ಶಾಲೆಯಲ್ಲಿ ಇಂಗ್ಲಿಷು ಕಲಿಯುತ್ತಿದ್ದವಳು ಮನೆಯ ಹೆಂಗಸರಲ್ಲಿ ನಾನೊಬ್ಬಳೇ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಈ ವ್ಯಕ್ತಿಗೆ ಮರೆವಿನ ಕಾಯಿಲೆ ಇದೆ, ದಯವಿಟ್ಟು ಇವರನ್ನು ಯಶವಂತಪುರದಲ್ಲಿ ಇಳಿಸಿ ಎಂದಿತ್ತು. ಕೆಳಗೆ, ಇವರನ್ನು ಒಪ್ಪಿಸಬೇಕಾದವರು ಎಂದು ನಮ್ಮ ಅಪ್ಪನ ಹೆಸರು. ಚಿಕ್ಕಮ್ಮ ಚೀಟಿಯನ್ನು ಕಿತ್ತುಕೊಂಡು ನೀರೊಲೆಗೆ ಹಾಕಿದರು. ಅದು ಸುರುಳಿಯಾಗಿ ಕಪ್ಪಾಗುವವರೆಗೂ ನೋಡಿ, ನನ್ನ ಎರಡೂ ಕೈ ಹಿಡಿದುಕೊಂಡರು. "ಯಾರ್ಗೂ ಹೇಳ್ಬೇಡ ಕಣೇ ರತ್ನ. ಭಾನುವಾರ ಆಡ್ಲಿ. ಬಾಲು ಕಾಲಿಗೆ ಸಿಕ್ಕಿದ್ರೆ ಎಲ್ಲಾ ಗ್ಯಾಪ್ಕ ಬರುತ್ತೆ. ನಂದೂ ಬರುತ್ತೆ." ಅವರ ಕೈ ಸೋಪಿನ ನೊರೆಯಿಂದ ಜಾರುತ್ತಿತ್ತು, ಆದರೆ ಹಿಡಿತ ಬಿಡಲಿಲ್ಲ. ನಾನು ಹೇಳುವುದಿಲ್ಲ ಎಂದೆ. ಹೇಳಲಿಲ್ಲ. ಅರವತ್ತು ವರ್ಷದ ಮೇಲಾಯಿತು, ಅಂದು ಸಂಜೆ ಅಪ್ಪನ ಪಕ್ಕ ಊಟಕ್ಕೆ ಕೂತು ಅವರ ಭಾನುವಾರದ ಮಾತಿಗೆಲ್ಲ ಹೂಂಗುಟ್ಟಿದ್ದನ್ನು ನಾನಿನ್ನೂ ಮರೆತಿಲ್ಲ.

ಭಾನುವಾರ ರೈಲು ಹಳಿಯ ಏರಿಯ ಮೇಲೆ ನಾವು ಹೆಂಗಸರು ನಿಂತಿದ್ದೆವು. ಮೈದಾನದ ಸುತ್ತ ಜನವೋ ಜನ. ಮೊದಲರ್ಧದಲ್ಲಿ ಚಿಕ್ಕಪ್ಪ ಆಡಿದ ಆಟವನ್ನು ಕಂಡವರು ಸಾಯುವವರೆಗೂ ಮಾತಾಡಿದರು. ತಲೆಗೆ ಮರೆತದ್ದು ಮೈಗೆ ಮರೆತಿರಲಿಲ್ಲ. ಕಾರ್ನರಿನಿಂದ ತೇಲಿ ಬಂದ ಚೆಂಡಿಗೆ ನೆಲ ಬಿಟ್ಟೆದ್ದು ಹಣೆ ಕೊಟ್ಟರು, ಚೆಂಡು ಗೋಲಿನೊಳಗಿತ್ತು. ಏರಿಯ ಮೇಲೆ ಚಿಕ್ಕಮ್ಮ ಅಳುತ್ತಾ ನನ್ನ ಭುಜ ಹಿಂಡಿದರು. ಅಜ್ಜಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಮಗನ ತಲೆಗೆ ಆ ಚೆಂಡು ಬಡಿದ ಸದ್ದನ್ನು ಅವರು ಕೇಳಿಸಿಕೊಂಡಿದ್ದರು.

ಹಾಫ್ ಟೈಮ್ ಆದ ಮೇಲೆ ಟೀಮುಗಳು ಕಡೆ ಬದಲಿಸಿದವು. ಸ್ವಲ್ಪ ಹೊತ್ತಿಗೆ ನಡುಮೈದಾನದಲ್ಲಿ ಚಿಕ್ಕಪ್ಪನಿಗೆ ಚೆಂಡು ಸಿಕ್ಕಿತು. ಅವರು ತಿರುಗಿದರು, ಮೊದಲರ್ಧದಲ್ಲಿ ಓಡಿದ ದಿಕ್ಕಿಗೇ ಓಡಿದರು. ಆ ಕಡೆ ಈಗ ಇದ್ದದ್ದು ನಮ್ಮದೇ ಗೋಲು. ನಮ್ಮ ಹುಡುಗರು ಏನೋ ಉಪಾಯವಿರಬೇಕೆಂದು ದಾರಿ ಬಿಟ್ಟರು. ಗೋಲಿನಲ್ಲಿ ಜಬ್ಬಾರ್ ಎರಡೂ ಕೈ ಚಾಚಿ, "ಕ್ಯಾಪ್ಟನ್, ನಾನು, ಜಬ್ಬಾರು" ಎಂದದ್ದು ಏರಿಯವರೆಗೆ ಕೇಳಿಸಿತು. ಚಿಕ್ಕಪ್ಪ ಹೊಡೆದರು. ಆ ಚೆಂಡನ್ನು ಹಿಡಿಯಬಹುದಿತ್ತು ಎಂದು ಜಬ್ಬಾರ್ ಆಮೇಲೆ ನಮ್ಮ ಅಪ್ಪನ ಮುಂದೆ ಕೂತು ಹೇಳಿದರು: "ಅವನ ಮುಖ ನೋಡ್ದೆ ಅಣ್ಣ. ಕೈ ಮೇಲೇಳ್ಲಿಲ್ಲ."

ಚೆಂಡು ಒಳಗೆ ಹೋಯಿತು. ಚಿಕ್ಕಪ್ಪ ಎರಡು ಕೈ ಮೇಲೆತ್ತಿ ಜನರ ಕಡೆ ತಿರುಗಿ ನಿಂತರು. ಸುತ್ತಲೂ ಒಂದು ಸದ್ದಿಲ್ಲ. ಅವರು ಕಾದರು. ಮುಖದ ನಗು ಮೆಲ್ಲಗೆ ಇಳಿಯತೊಡಗಿತು, ಕೈಯೂ ಇಳಿಯತೊಡಗಿತು. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನಂತೆ ಒಂದೊಂದೇ ಮುಖ ಹುಡುಕುತ್ತಿದ್ದರು. ಆಗ ಗೋಲಿನಲ್ಲಿದ್ದ ಜಬ್ಬಾರ್ ಚಪ್ಪಾಳೆ ತಟ್ಟಿದರು. ಒಬ್ಬರೇ. ಆಮೇಲೆ ಹೆಂಚಿನ ಕಾರ್ಖಾನೆಯವರು ತಟ್ಟಿದರು, ಕೂಲಿಗಳು ತಟ್ಟಿದರು, ಇಡೀ ಮೈದಾನ ತಟ್ಟಿತು. ತಮಟೆಯವನೂ ಬಡಿದ. ಕಾರ್ಖಾನೆ ಟೀಮಿನ ಹುಡುಗರು ತಲೆ ತಗ್ಗಿಸಿ ನಿಂತಿದ್ದರು. ಜನ ಒಳಗೆ ನುಗ್ಗಿ ಚಿಕ್ಕಪ್ಪನನ್ನು ಹೆಗಲ ಮೇಲೆ ಹೊತ್ತರು. ಮ್ಯಾಚು ಅಲ್ಲಿಗೇ ನಿಂತಿತು. ಗೆರೆಯ ಪಕ್ಕ ನಿಂತಿದ್ದ ಅಪ್ಪನೊಬ್ಬರೇ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದು ಅವರು ಚಿಕ್ಕಮ್ಮನನ್ನು ಒಂದೇ ಮಾತು ಕೇಳಿದರು: "ನಿಂಗೆ ಗೊತ್ತಿತ್ತೇನಮ್ಮ?" ಚಿಕ್ಕಮ್ಮ, "ಗೊತ್ತಿತ್ತು ಭಾವ" ಎಂದರು. ನನ್ನ ಹೆಸರು ಹೇಳಲಿಲ್ಲ.

ಆಮೇಲೆ ದೊಡ್ಡಾಸ್ಪತ್ರೆಗೆ ಅಲೆದರು, ಹರಕೆ ಹೊತ್ತರು, ನಾಟಿ ಔಷಧಿ ಅರೆದರು. ಏನೂ ಆಗಲಿಲ್ಲ. ಚಿಕ್ಕಪ್ಪ ದಿನಾ ಮಧ್ಯಾಹ್ನ ಬೂಟು ಕಟ್ಟಿಕೊಂಡು, ಮ್ಯಾಚಿದೆ ಎಂದು ಹೊರಟುಬಿಡುತ್ತಿದ್ದರು. ತಡೆದರೆ ಅಳುತ್ತಿದ್ದರು, ಆದ್ದರಿಂದ ತಡೆಯುವುದನ್ನು ಬಿಟ್ಟೆವು. ಹೆದರಬೇಕಾಗಿಯೂ ಇರಲಿಲ್ಲ. ಸ್ಟೇಷನ್ನಿನಿಂದ ಯಾರಾದರೂ, ಗೇಟಿನಿಂದ ಯಾರಾದರೂ, ಒಮ್ಮೆ ಗೊರಗುಂಟೆಪಾಳ್ಯದಿಂದ ಎತ್ತಿನ ಗಾಡಿಯವನು, ಕೈ ಹಿಡಿದು ಕರೆತಂದು ಬಾಗಿಲಲ್ಲಿ ನಿಂತು, "ಕ್ಯಾಪ್ಟನ್ ಬಂದ್ರು ಕಣಮ್ಮ" ಎನ್ನುವರು. ಚಿಕ್ಕಮ್ಮ ಚೊಂಬಿನಲ್ಲಿ ಕಾಲಿಗೆ ನೀರು ಕೊಡುವರು. ಚಿಕ್ಕಪ್ಪ ಪ್ರತಿ ಸಲವೂ ಅವರಿಗೆ, "ತುಂಬಾ ಉಪಕಾರ ಆಯ್ತಮ್ಮ" ಎನ್ನುವರು. ಹೀಗೆ ನಾಲ್ಕು ವರ್ಷ.

ಆ ನಾಲ್ಕು ವರ್ಷದಲ್ಲಿ ಯಶವಂತಪುರ ಬದಲಾಯಿತು. ಹೆಂಚಿನ ಕಾರ್ಖಾನೆ ಮುಚ್ಚಿತು. ಜಬ್ಬಾರ್ ಅಂಗಡಿ ಎತ್ತಿ ಹೆಬ್ಬಾಳದ ಕಡೆ ಹೋದರು. ಮೈದಾನದಲ್ಲಿ ಗೋಡೆ ಎದ್ದಿತು. ಅಜ್ಜಿ ತೀರಿಕೊಂಡರು, ಕೊನೆಯ ದಿನಗಳಲ್ಲಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ, "ನನ್ನ ಮರ್ತ್ರೆ ಮರೀಲಿ, ಇಂಗೇ ಒಂದಿಷ್ಟ್ ಒತ್ತು ಮಲಿಕ್ಕಳ್ಳಿ" ಎನ್ನುತ್ತಿದ್ದರು. ಎಲ್ಲೆಲ್ಲಿಂದಲೋ ಬಂದ ಜನ ತುಮಕೂರು ರಸ್ತೆಯನ್ನು ತುಂಬಿಕೊಂಡರು. ಒಂದು ಮಧ್ಯಾಹ್ನ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಚಿಕ್ಕಪ್ಪ ಎಂದಿನಂತೆ ಬೂಟು ಕಟ್ಟಿಕೊಂಡು ಹೋದರು. ಸಂಜೆ ಯಾರೂ ಕರೆತರಲಿಲ್ಲ.

ಅಪ್ಪ ಯಲಹಂಕ, ತುಮಕೂರು, ಅರಸೀಕೆರೆಯವರೆಗೂ ಹುಡುಕಿದರು. ಸುದ್ದಿ ಕೇಳಿ ಜಬ್ಬಾರ್ ಬಂದು, ಹಳಬರನ್ನೆಲ್ಲ ಕಲೆಹಾಕಿ ಕೆರೆ ಬಾವಿಗಳನ್ನೂ ನೋಡಿದರು. ಚಿಕ್ಕಪ್ಪ ಸಿಗಲಿಲ್ಲ, ಮುಂದೆಂದೂ ಸಿಗಲಿಲ್ಲ. ಒಬ್ಬನೇ ಒಬ್ಬ ಅವರನ್ನು ಕಂಡೆ ಎಂದದ್ದು. ಮೂರನೆಯ ದಿನ ನಾನೂ ಅಪ್ಪನೂ ಗೊರಗುಂಟೆಪಾಳ್ಯದ ಹತ್ತಿರ, ಹೊಸದಾಗಿ ಇಟ್ಟಿದ್ದ ಒಂದು ಟೀ ಅಂಗಡಿಯಲ್ಲಿ ವಿಚಾರಿಸಿದೆವು. ಅಂಗಡಿಯವನಿಗೆ ಇಪ್ಪತ್ತೆಂಟು ಮೂವತ್ತು ವಯಸ್ಸಿರಬೇಕು. "ಹೌದು ಸಾರ್, ಬೂಟು ಹಾಕಿದ್ರು. ನೀರು ಕೇಳಿದ್ರು, ಕೊಟ್ಟೆ. ಗ್ರೌಂಡ್ ಎಲ್ಲಿ ಅಂದ್ರು, ಗೊತ್ತಿಲ್ಲ ಅಂದೆ. ಹಂಗೇ ನಡ್ಕೊಂಡು ಹೋದ್ರು" ಎಂದ. ಅಪ್ಪ ಕೈ ಎತ್ತಿದರು. ಹೊಡೆದೇಬಿಡುತ್ತಾರೆ ಎಂದು ನಾನು ಅವರ ತೋಳು ಹಿಡಿದೆ. ಅವನು ಹಿಂದೆ ಸರಿದು, "ನಾನು ಈ ಊರಿಗೆ ಬಂದು ತಿಂಗಳೂ ಆಗಿಲ್ಲ ಸಾರ್. ಅವ್ರು ಯಾರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದ.

ಅಪ್ಪನ ಕೈ ಇಳಿಯಿತು. ಅವರು ಅಂಗಡಿಯ ಬೆಂಚಿನ ಮೇಲೆ ಕೂತರು. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಆಮೇಲೆ, "ಅವನು ನನ್ನ ತಮ್ಮ, ನಂಜುಂಡ ಅಂತ" ಎಂದು ಶುರುಮಾಡಿದರು. ಚಿಕ್ಕಪ್ಪ ಹನ್ನೆರಡು ವರ್ಷದವರಿದ್ದಾಗ ಬರಿಗಾಲಲ್ಲಿ ಆಡಿದ ಮೊದಲ ಮ್ಯಾಚಿನಿಂದ, ಒಂದನ್ನೂ ಬಿಡದೆ ಹೇಳುತ್ತಾ ಹೋದರು. ಅಂಗಡಿಯವನು ಸ್ಟವ್ ಆರಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಂಡ.