ಒಂದೇ ಸಲ ಬಳಸುವ ಕ್ರಿಯಾಪದ

ನಮ್ಮ ಹೆಡ್ ಕ್ಲರ್ಕರ ಬಲಗಿವಿ ಎಡಗಿವಿಗಿಂತ ಒಂದಿಷ್ಟು ಮುಂದಕ್ಕೆ ಬಾಗಿತ್ತು. ಅರ್ಧ ಕೆಂಪು, ಅರ್ಧ ನೀಲಿಯ ಪೆನ್ಸಿಲನ್ನು ಇಪ್ಪತ್ತು ವರ್ಷ ಆ ಕಿವಿಯ ಹಿಂದೆಯೇ ಸಿಕ್ಕಿಸಿಕೊಂಡಿದ್ದರು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಪೀಣ್ಯದ ಒಂದು ನಟ್ಟು-ಬೋಲ್ಟಿನ ಕಾರ್ಖಾನೆಗೆ ಟೈಪಿಸ್ಟಾಗಿ ಸೇರಿದಾಗ, ಅವರಿಗೆ ಇಂಗ್ಲಿಷ್ ಕ್ರಿಯಾಪದಗಳ ಹುಚ್ಚು ಎಂದು ಮೊದಲ ದಿನವೇ ತಿಳಿಯಿತು. "ನಾಮಪದ ಸುಮ್ನೆ ಕುರ್ಚಿ ಮೇಲೆ ಕೂತಿರುತ್ತೆ ಕಣಮ್ಮ, ನಮ್ಮ ಮ್ಯಾನೇಜರ್ ತರಹ. ಕೆಲಸ ಮಾಡೋದು ಕ್ರಿಯಾಪದ," ಎಂದರು. ಆಫೀಸಿಗೆಲ್ಲ ಇದ್ದದ್ದು ಒಂದೇ ನಿಘಂಟು. ಅದು ಅವರ ಡ್ರಾಯರಿನಲ್ಲಿ, ಬೀಗದ ಕೈ ಅವರ ಜನಿವಾರದಲ್ಲಿ. ಅಪರೂಪದ ಕ್ರಿಯಾಪದವೊಂದನ್ನು ಹೆಕ್ಕಿ, ಯಾವುದೋ ಕಾಗದದಲ್ಲಿ ಒಂದೇ ಸಲ ಬಳಸಿ ಬಿಟ್ಟುಬಿಡುತ್ತಿದ್ದರು. "ಎರಡನೇ ಸಲಕ್ಕೆ ಜನ ಅರ್ಥ ತಿಳ್ಕೊಂಡ್ಬಿಡ್ತಾರೆ. ಆಮೇಲೆ ಅದಕ್ಕೆ ಶಕ್ತಿ ಇರಲ್ಲ."

ನನ್ನ ಕೆಲಸ ಕಾಯಂ ಆಗಲು ಇಪ್ಪತ್ತು ದಿನ ಉಳಿದಿದ್ದಾಗ ಇಬ್ಬರು ಗಿರಾಕಿಗಳ ಕಾಗದಗಳನ್ನು ಅದಲುಬದಲು ಲಕೋಟೆಗೆ ಹಾಕಿ ಕಳಿಸಿಬಿಟ್ಟೆ. ಒಬ್ಬರಿಗೆ ಕೊಟ್ಟ ದರ ಇನ್ನೊಬ್ಬರಿಗೆ ತಿಳಿದು, ಇಬ್ಬರೂ ಫೋನಿನಲ್ಲಿ ಕೂಗಾಡಿದರು. ಮೂರು ದಿನದಲ್ಲಿ ಸರಿಯಾದ ಸಮಜಾಯಿಷಿ ಕೊಡದಿದ್ದರೆ ಕೆಲಸವಿಲ್ಲ ಎಂದು ಮ್ಯಾನೇಜರ್ ಮೆಮೊ ಕೊಟ್ಟರು. ನಮ್ಮಮ್ಮ ಆಗಲೇ ಬೀದಿಗೆಲ್ಲ "ಮಗಳದ್ದು ಪರ್ಮನೆಂಟು" ಎಂದು ಸಾರಿಯಾಗಿತ್ತು. ನಾನು ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಅತ್ತೆ.

ಹೆಡ್ ಕ್ಲರ್ಕರು ಕಿವಿಯಿಂದ ಪೆನ್ಸಿಲ್ ತೆಗೆದು ನನ್ನ ಪರವಾಗಿ ಒಂದೇ ಸಾಲಿನ ಉತ್ತರ ಬರೆದರು. ನನ್ನನ್ನು ದಯವಿಟ್ಟು 'ಎಕ್ಸ್‌ಕಲ್ಪೇಟ್' ಮಾಡಬೇಕಂತೆ. ಹಾಗೆಂದರೇನು ಎಂದು ಕೇಳಿದೆ. "ಸಹಿ ಬೀಳಲಿ, ಹೇಳ್ತೀನಿ."

ಮ್ಯಾನೇಜರು ಕಾನ್ವೆಂಟಿನಲ್ಲಿ ಓದಿದವರು. ಅದನ್ನು ದಿನಕ್ಕೆರಡು ಸಲ ಹೇಳಿಕೊಳ್ಳುವವರು ಗುಮಾಸ್ತರನ್ನು ಅರ್ಥ ಕೇಳುವುದುಂಟೇ? ನಿಘಂಟು ತರಲು ಅಟೆಂಡರನ್ನು ಕಳಿಸಿದರು. "ಬೈಂಡಿಂಗ್‌ಗೆ ಕೊಟ್ಟಿದೀನಿ ಅಂತ ಹೇಳಪ್ಪ," ಎಂದರು ಇವರು, ಡ್ರಾಯರಿಗೆ ಮೊಣಕಾಲು ಒತ್ತಿಕೊಂಡು. ಕೊನೆಗೆ ಇವರನ್ನೇ ಒಳಗೆ ಕರೆಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಏನ್ರೀ, ಇದನ್ನ... ಮಾಡಬಹುದು ಅಂತೀರಾ?"

"ತಾವು ಮಾಡಬಹುದು ಸಾರ್. ಸಣ್ಣಪುಟ್ಟ ಅಧಿಕಾರಿಗಳ ಕೈಲಿ ಆಗಲ್ಲ."

ಮ್ಯಾನೇಜರು ಎದೆಯುಬ್ಬಿಸಿ, ಹಾಗೇ ಆಗಲಿ ಎಂದು ಬರೆದು ಸಹಿ ಜಡಿದರು.

"ನಿನ್ನ ಮೇಲೆ ತಪ್ಪಿಲ್ಲ ಅಂತ ಬಿಟ್ಟುಬಿಡೋದು, ಅದೇ ಅರ್ಥ," ಎಂದರು ಹೆಡ್ ಕ್ಲರ್ಕರು ಹೊರಗೆ ಬಂದು.

"ಆದ್ರೆ ತಪ್ಪು ನಂದೇ ಅಲ್ವಾ ಸಾರ್?"

"ಹೌದು. ಅದಕ್ಕೇ ಅರ್ಥ ಆಗೋ ಹಾಗೆ ಬರೀಲಿಲ್ಲ."

ಮೂವತ್ತು ವರ್ಷ ಆ ಸಹಿಯ ಅನ್ನ ಉಂಡೆ. ಅವರು ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ನಮ್ಮ ಹಳೆಯ ಮ್ಯಾನೇಜರು, ಹಣ್ಣುಹಣ್ಣು ಮುದುಕರು. ಪಾಯಸ ಬರುವ ಹೊತ್ತಿಗೆ ನನ್ನತ್ತ ಬಗ್ಗಿ ಪಿಸುಗುಟ್ಟಿದರು: "ಅವತ್ತು ನಾನು ಏನಕ್ಕಮ್ಮ ಸಹಿ ಹಾಕಿದ್ದು?"

ಹೇಳಿದೆ. ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಂಡರು. "ಗೊತ್ತಿದ್ದಿದ್ರೂ ಹಾಕ್ತಿದ್ದೆ, ಬಿಡು."

ಶುದ್ಧ ಸುಳ್ಳು. ಹೆಡ್ ಕ್ಲರ್ಕರು ಬದುಕಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೋ ನಗುವಿನ ಜೊತೆ ಕಣ್ಣೀರೂ ಬಂತು. ಎರಡನೇ ಸಲ ಬಳಸಬಾರದೆಂಬ ಅವರ ಮಾತನ್ನು ಅವತ್ತೊಂದು ದಿನ ಮೀರಿ, ಆ ಮುದುಕರನ್ನು ನಾನೇ ಮನಸ್ಸಿನಲ್ಲಿ ಎಕ್ಸ್‌ಕಲ್ಪೇಟ್ ಮಾಡಿದೆ.