ಬೂದುಬಂಡೆ ಮಡುವಿನ ಹೆಣ್ಣುಮೀನು

ನೀರಿನಿಂದ ಎತ್ತದೆಯೇ ಮೀನಿನ ಜಾತಕ ಹೇಳಬಲ್ಲವನೆಂದು ಲೇರಿಗ್ ಹೊಳೆಯ ಉದ್ದಕ್ಕೂ ಡೂಗಲ್ ಮ್ಯಾಥಿಸನ್‌ಗೆ ಹೆಸರಿತ್ತು. ಮೂವತ್ನಾಲ್ಕು ವರ್ಷದಿಂದ ಅವನು ಅಲ್ಲಿ ಗಿಲಿ. ಗಾಳ ಹಾಕಲು ಬರುವವರ ಜೊತೆ ಸೊಂಟಮಟ್ಟದ ನೀರಿಗಿಳಿದು, ಎಲ್ಲಿ ನಿಲ್ಲಬೇಕು, ಗರಿಯಿಂದ ಕಟ್ಟಿದ ಹುಸಿನೊಣಗಳಲ್ಲಿ ಯಾವುದನ್ನು ದಾರಕ್ಕೆ ಸಿಕ್ಕಿಸಬೇಕು, ಅದನ್ನು ಯಾವ ಬಂಡೆಯಾಚೆ ಬೀಸಬೇಕು ಎಂದು ಹೇಳುವುದು ಅವನ ಕೆಲಸ. ಸಾಲ್ಮನ್ ಸಿಕ್ಕರೆ ಬಂದವರ ಕೈಚಳಕ, ಸಿಗದಿದ್ದರೆ ಗಿಲಿಯ ತಪ್ಪು. ಅದು ಅವನಿಗೆ ಒಗ್ಗಿಹೋಗಿತ್ತು.

ಆ ವರ್ಷ ಆಗಸ್ಟಿನ ಬಿರುಗಾಳಿಗೆ ಕೊಲ್ಲಿಯಲ್ಲಿದ್ದ ಮೀನುಸಾಕಣೆಯ ಪಂಜರವೊಂದು ಹರಿದುಹೋಯಿತು. ಸಾವಿರಾರು ಸಾಕು ಸಾಲ್ಮನ್‌ಗಳು ತಪ್ಪಿಸಿಕೊಂಡು ಹೊಳೆ ಹತ್ತಿದವು. ಹೊಳೆಮೀನಿನ ಜೊತೆ ಅವು ಕೂಡಿದರೆ ತಳಿಯೇ ಕೆಡುತ್ತದೆ. ಆದ್ದರಿಂದ ಎಲ್ಲ ಗಿಲಿಗಳಿಗೂ ಒಂದೇ ಕಟ್ಟಪ್ಪಣೆ: ಹೊಳೆಯದಾದರೆ ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕು, ಪಂಜರದ್ದಾದರೆ ಅಲ್ಲೇ ಕೊಂದು, ನಾಲ್ಕು ಹುರುಪೆ ಕಿತ್ತು, ಕಾಗದದ ಪೊಟ್ಟಣದಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕೊಡಬೇಕು. ಮೀನು ಬಲೆಯಲ್ಲಿ ಒದ್ದಾಡುತ್ತಿರುವ ಅರ್ಧ ನಿಮಿಷದಲ್ಲಿ ತೀರ್ಮಾನವಾಗಬೇಕು. ಪಂಜರಕ್ಕೆ ಉಜ್ಜಿ ಉಜ್ಜಿ ಸಾಕುಮೀನಿನ ಬಾಲದ ಅಂಚು ಸವೆದಿರುತ್ತದೆ, ರೆಕ್ಕೆ ಮುರುಟಿರುತ್ತದೆ. ಕಣ್ಣಿದ್ದವನಿಗೆ ಅಷ್ಟು ಸಾಕು.

ಡೂಗಲ್‌ನ ಎಡಗಣ್ಣಿಗೆ ವಸಂತದಲ್ಲೇ ಪೊರೆ ಬಂದಿತ್ತು. ಬಲಗಣ್ಣೂ ಮಂಜಾಗುತ್ತಿತ್ತು. ಗೊತ್ತಿದ್ದದ್ದು ಹೆಂಡತಿ ಮೊರಾಗ್‌ಗೆ ಮಾತ್ರ. ಹುಸಿನೊಣಕ್ಕೆ ಗರಿ ಸುತ್ತುವ ಕೆಲಸವನ್ನು ಈಗ ಅಡುಗೆಮನೆಯ ಮೇಜಿನ ಮೇಲೆ ಅವಳೇ ಮಾಡುತ್ತಿದ್ದಳು. ಅವಳು ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ ಅವನು ಹಂಗಾಮು ಮುಗಿಯಲಿ ಎನ್ನುತ್ತಿದ್ದ. ಟ್ರೌಟ್ ಮೀನಿನ ಹಂಗಾಮು ಮುಗಿದಿತ್ತು. ಸಾಲ್ಮನ್‌ಗೆ ಇನ್ನೊಂದು ವಾರ ಉಳಿದಿತ್ತು.

ಬುಧವಾರ ಮಧ್ಯಾಹ್ನ ಬೂದುಬಂಡೆ ಮಡುವಿನಲ್ಲಿ ಮಿಸೆಸ್ ಹ್ಯಾಲಿಡೇಯ ಗಾಳಕ್ಕೆ ಒಂದು ದೊಡ್ಡ ಮೀನು ಬಿತ್ತು. ಆಕೆ ಎಡಿನ್‌ಬರೋದ ನಿವೃತ್ತ ದಂತವೈದ್ಯೆ. ಹತ್ತೊಂಬತ್ತು ಶರತ್ಕಾಲದಿಂದ ಡೂಗಲ್ ಜೊತೆಯೇ ಗಾಳ ಹಾಕುವವಳು. ಇಪ್ಪತ್ತೈದು ನಿಮಿಷ ಆಡಿಸಿ ಮೀನನ್ನು ಅವನ ಬಲೆಗೆ ತಂದಳು.

"ಏನ್ರೀ ಡೂಗಲ್, ನಮ್ಮದಾ, ಪಂಜರದ್ದಾ?"

ಬಿಸಿಲು ನೀರಿನ ಮೇಲೆ ಓರೆಯಾಗಿ ಬಿದ್ದಿತ್ತು. ಅವನು ಬಾಗಿ ನೋಡಿದ. ಬಾಲದ ಅಂಚು ಅಸ್ಪಷ್ಟವಾಗಿ, ಸವೆದಂತೆ ಕಂಡಿತು.

"ಪಂಜರದ್ದೇ ಮೇಡಂ."

"ಇಷ್ಟು ಚೆಂದ ಇದೆಯಲ್ರೀ. ಇನ್ನೊಂದ್ಸಲ ನೋಡಿ."

"ಹಲ್ಲಿನ ವಿಷಯಕ್ಕೆ ನಾನ್ಯಾವತ್ತಾದ್ರೂ ಬಂದಿದೀನಾ?"

ಆಕೆ ನಕ್ಕಳು. ಮೀನು ಕೊಲ್ಲುವ ಮೋಟು ದೊಣ್ಣೆಗೆ ಅಲ್ಲಿಯವರು ಪಾದ್ರಿ ಎನ್ನುತ್ತಾರೆ, ಕೊನೆಗಾಲಕ್ಕೆ ಬರುವವನೆಂದು. ಡೂಗಲ್ ಅದನ್ನು ಸೊಂಟದಿಂದ ತೆಗೆದು ಮೀನಿನ ತಲೆಗೆ ಎರಡೇಟು ಹಾಕಿದ.

ದಡಕ್ಕೆ ತರುವಾಗ ಹೆಬ್ಬೆರಳು ತಾನಾಗಿ ಬಾಲದ ಅಂಚಿನ ಮೇಲೆ ಹರಿಯಿತು. ಅಂಚು ಪೂರ್ತಿ ಇತ್ತು. ಎಲ್ಲೂ ಸವೆದಿರಲಿಲ್ಲ, ಮೂಲೆಗಳು ಚೂಪಾಗಿದ್ದವು. ಹೊಟ್ಟೆ ಮೊಟ್ಟೆಯಿಂದ ಬಿಗಿದಿತ್ತು. ಕಣ್ಣು ತಪ್ಪಿದ್ದನ್ನು ಕೈ ಹೇಳಿತ್ತು, ತಡವಾಗಿ. ಮಿಸೆಸ್ ಹ್ಯಾಲಿಡೇ ಆಚೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ಅವನು ಹುರುಪೆ ಕಿತ್ತು, ಪೊಟ್ಟಣದ ಮೇಲೆ ತಾರೀಕು, ಮಡುವಿನ ಹೆಸರು, 'ಪಂಜರ' ಎಂದು ಬರೆದ.

ಮನೆಯ ಫ್ರೀಜರಿನಲ್ಲಿ ಹಿಂದಿನ ವಾರ ಕೊಂದ, ಸವೆದ ಬಾಲ ಕೈಗೇ ತಿಳಿಯುವಂಥ ನಿಜವಾದ ಪಂಜರದ ಮೀನೊಂದಿತ್ತು. ಅದರ ನಾಲ್ಕು ಹುರುಪೆ ಈ ಪೊಟ್ಟಣಕ್ಕೆ ಬಿದ್ದರೆ ಯಾರಪ್ಪನಿಗೂ ತಿಳಿಯುವಂತಿರಲಿಲ್ಲ. ತಿಳಿದರೆ ಮಾತ್ರ ಮುಂದಿನ ವರ್ಷ ಅವನನ್ನು ದಡಕ್ಕೆ ಬಿಡುವವರಿರಲಿಲ್ಲ. ಅರವತ್ತೊಂದರಲ್ಲಿ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಸಂಜೆ ಅವನು ಚಾಕು ಹಿಡಿದು ಹೆಪ್ಪುಗಟ್ಟಿದ ಮೀನನ್ನು ಕೆರೆಯುತ್ತಿದ್ದಾಗ ಮೊರಾಗ್ ಬಾಗಿಲಲ್ಲಿ ಬಂದು ನಿಂತಳು. ಕೇಳಿದ್ದಕ್ಕೆ ಎಲ್ಲ ಹೇಳಿದ.

"ಹಾಕ್ಕೋ," ಎಂದಳು. "ನಾನೇನೂ ಊರಿಗೆ ಸಾರಲ್ಲ. ಆದ್ರೆ ನಾಳೆ ಇನ್ನೊಂದು ಬಿದ್ರೆ, ಅದಕ್ಕೂ ನೀನೇ ತಾನೇ ಹೇಳೋನು?"

ಅವನು ಚಾಕು ತೊಳೆದಿಟ್ಟ.

ಮಾರನೇ ದಿನ ಹೊಳೆಗೆ ಹೋಗುವ ಮೊದಲು ಪೊಟ್ಟಣವನ್ನು ಪ್ರಯೋಗಾಲಯಕ್ಕೆ ಒಯ್ದ. ಅಲ್ಲಿದ್ದ ಇಷ್ಬೆಲ್ ಮೀನುಗಳ ಲೆಕ್ಕ ಇಡುವ ಹುಡುಗಿ. ಹರಿವ ನೀರಲ್ಲಿ ಕಾಲೂರುವುದನ್ನು ಕಲಿತದ್ದು ಡೂಗಲ್‌ನಿಂದಲೇ. ಹುರುಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮರದ ಸುತ್ತುಗಳ ಹಾಗೆ ಹುರುಪೆಯಲ್ಲೂ ಸುತ್ತುಗಳಿರುತ್ತವೆ. ದಿನವೂ ಹೊಟ್ಟೆತುಂಬ ತಿಂದ ಸಾಕುಮೀನಿನದು ಒಂದೇ ಸಮ, ಚಳಿಗಾಲ ಉಪವಾಸ ಬಿದ್ದ ಹೊಳೆಮೀನಿನದು ನಡುನಡುವೆ ಒತ್ತೊತ್ತು.

"ಹೊಳೇದು. ಎರಡು ಚಳಿಗಾಲ ಇಲ್ಲಿ, ಎರಡು ಕಡಲಲ್ಲಿ ಕಳೆದು, ಮೊಟ್ಟೆ ಇಡೋಕೆ ವಾಪಸ್ ಬಂದಿದ್ದು," ಎಂದಳು. ಆಮೇಲೆ ಮೆಲ್ಲಗೆ, ಯಾರಿಗಾದರೂ ಆಗುವಂಥದ್ದು, ನೀರು ಕಲಕಿತ್ತೆಂದು ಬರೆದುಬಿಡುತ್ತೇನೆ ಎಂದಳು.

"ನೀರು ಕನ್ನಡಿ ಹಾಗಿತ್ತು," ಎಂದ ಡೂಗಲ್. ಕಣ್ಣಿನ ವಿಷಯ ಹೇಳಿದ, ಯಾವಾಗಿನಿಂದ ಎಂಬುದನ್ನೂ.

ಇಷ್ಬೆಲ್ ಮೇಜಿನ ಖಾನೆ ಎಳೆದು ಇನ್ನೂ ಓದದ ಪೊಟ್ಟಣಗಳನ್ನು ಹರಡಿ, ಅವನ ಕೈಬರಹವಿದ್ದವನ್ನು ಬೇರೆ ಇಟ್ಟಳು. ಏಳು ಇದ್ದವು.

"ನೀವು ಮನೆಗೆ ಹೋಗಿ. ಸಾಯಂಕಾಲ ಫೋನ್ ಮಾಡ್ತೀನಿ."

"ಬೇಡ. ಕೂತಿರ್ತೀನಿ."

ಕೂರುವ ಮೊದಲು ಅವಳ ಫೋನಿನಿಂದಲೇ ಹೊಳೆಯ ಮ್ಯಾನೇಜರನನ್ನು ಕರೆದು, ಇವತ್ತಿನಿಂದ ದಡಕ್ಕೆ ಬೇರೆಯವರನ್ನು ಕಳಿಸಿ ಎಂದ. ಜ್ವರವೇ ಎಂದು ಆತ ಕೇಳಿರಬೇಕು.

"ಜ್ವರ ಅಲ್ಲ ಸಾರ್. ಕಣ್ಣು ಕಾಣಲ್ಲ. ಮಿಸೆಸ್ ಹ್ಯಾಲಿಡೇಗೆ ನೀವು ಹೇಳ್ಬೇಡಿ, ನಾನೇ ಹೋಗಿ ಹೇಳ್ತೀನಿ."

ಎಲ್ಲ ಓದಿ ಮುಗಿಸಲು ಇಷ್ಬೆಲ್‌ಗೆ ಮಧ್ಯಾಹ್ನವಾಯಿತು. ಏಳರಲ್ಲಿ ಐದು ಪಂಜರದವು, ಎರಡು ಹೊಳೆಯವು. ಯಾವ ಮಡು ಎಂದು ಡೂಗಲ್ ಕೇಳಿದ. ಅವಳು ಪೊಟ್ಟಣ ತಿರುಗಿಸಿ ಮಡುಗಳ ಹೆಸರು ಓದಿದಳು, ತಾರೀಕನ್ನೂ ಓದಿದಳು. ಎರಡೂ ಮೀನು ಅವನಿಗೆ ನೆನಪಿದ್ದವು. ಎರಡೂ ಹೆಣ್ಣು.